ಸ್ವಂತ ಕರೆಂಟು, ಸರ್ಕಾರಿ ದರ: ಸಂಘಗಳು ತಿಳಿದಿರಬೇಕಾದ ಲೆಕ್ಕ



ಡೇರಿಗೆ ಹಾಲು ಹಾಕಿದ ಕೂಡಲೇ ನಾವು ನೋಡುವುದು ಚೀಟಿಯನ್ನು. ಎಷ್ಟು ಲೀಟರ್, ಜಿಡ್ಡು ಎಷ್ಟು, ಎಸ್.ಎನ್.ಎಫ್. ಎಷ್ಟು, ಲೀಟರಿಗೆ ದರ ಎಷ್ಟು. ಹಸು ಎಷ್ಟೇ ಚೆನ್ನಾಗಿ ಕರೆದರೂ, ಬಟವಾಡೆಯ ದಿನ ಕೈಗೆ ಬಂದ ಹಣದಲ್ಲಿ ಹಿಂಡಿ, ಬೂಸಾ, ಮೇವಿನ ಖರ್ಚು ಕಳೆದು ಏನಾದರೂ ಉಳಿದರೆ ಮಾತ್ರ ಅದು ಲಾಭದ ಹಸು.

ವಿದ್ಯುತ್ತಿಗೂ ಇದೇ ಮಾತು ಅನ್ವಯಿಸುತ್ತದೆ. ಡೇರಿ ಕಟ್ಟಡದ ಮೇಲೆ ಸೋಲಾರ್ ಹಾಕಿಸೋಣ, ಸಗಣಿಯಿಂದ ಊರಿಗೇ ಕರೆಂಟು ಮಾಡೋಣ ಎಂಬ ಮಾತು ಸಂಘದ ಸಭೆಯಲ್ಲಿ ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಯಂತ್ರಕ್ಕೆ ಎಷ್ಟಾಗುತ್ತದೆ, ಸಬ್ಸಿಡಿ ಎಷ್ಟು ಸಿಗುತ್ತದೆ. ಇವೆರಡಕ್ಕಿಂತ ಮುಖ್ಯವಾದ ಮೂರನೆಯ ಪ್ರಶ್ನೆಯೊಂದಿದೆ. ನಾವು ತಯಾರಿಸುವ ಒಂದು ಯೂನಿಟ್ಟಿಗೆ ಯಾವ ಬೆಲೆ ಸಿಗುತ್ತದೆ, ಆ ಬೆಲೆಯನ್ನು ಯಾರು ಕಟ್ಟುತ್ತಾರೆ? ಸಂಘದ ನಿಧಿ ಸದಸ್ಯರ ಹಣ. ಅದನ್ನು ತೊಡಗಿಸುವ ಮೊದಲು ಈ ಪ್ರಶ್ನೆಗೆ ಉತ್ತರ ತಿಳಿದಿರಬೇಕು. ಈ ಪಾಠದ ಉದ್ದೇಶ ಅಷ್ಟೇ.

ಒಂದೇ ಯೂನಿಟ್ಟಿಗೆ ಮೂರು ಬೆಲೆ

ಸ್ವಂತವಾಗಿ ತಯಾರಿಸಿದ ಯೂನಿಟ್ಟಿಗೆ ಮೂರು ಬೆಲೆಗಳಿವೆ.

ಮೊದಲನೆಯದು ತಯಾರಿಕೆಯ ಬೆಲೆ. ಯಂತ್ರಕ್ಕೆ ಹಾಕಿದ ಹಣ, ಅದರ ಬಡ್ಡಿ, ದುರಸ್ತಿ, ನೋಡಿಕೊಳ್ಳುವವರ ಸಂಬಳ ಎಲ್ಲವನ್ನೂ ಸೇರಿಸಿ, ಬಂದ ಯೂನಿಟ್ಟುಗಳಿಂದ ಭಾಗಿಸಿದರೆ ಸಿಗುವುದು ಇದು.

ಎರಡನೆಯದು ಉಳಿತಾಯದ ಬೆಲೆ. ನಮ್ಮ ಯೂನಿಟ್ಟನ್ನು ನಾವೇ ಬಳಸಿದರೆ ಕಂಪನಿಯ ಬಿಲ್ಲಿನಲ್ಲಿ ಎಷ್ಟು ಕಡಿಮೆಯಾಗುತ್ತದೆಯೋ ಅಷ್ಟು.

ಮೂರನೆಯದು ಮಾರಾಟದ ಬೆಲೆ. ಬಳಸಿ ಉಳಿದದ್ದನ್ನು ಕಂಪನಿಯ ತಂತಿಗೆ ಬಿಟ್ಟರೆ ಕಂಪನಿ ಕೊಡುವ ದರ.

ಇವುಗಳಲ್ಲಿ ಮೊದಲನೆಯದು ಮಾತ್ರ ಸ್ವಲ್ಪಮಟ್ಟಿಗೆ ನಮ್ಮ ಕೈಯಲ್ಲಿದೆ. ಉಳಿದೆರಡು ಬೇರೆ ಕಡೆ ನಿರ್ಧಾರವಾಗುತ್ತವೆ. ಊರಿನ ಜನ ಸೇರಿ ಕಟ್ಟಿದ ಎಷ್ಟೋ ವಿದ್ಯುತ್ ಯೋಜನೆಗಳ ಏಳುಬೀಳಿಗೆ ಯಂತ್ರದಷ್ಟೇ ಈ ದರಗಳೂ ಕಾರಣ.

ದರ ಕಟ್ಟುವವರು ಯಾರು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ, ಹಾಗೂ ಇವುಗಳಿಂದ ಬೇರ್ಪಟ್ಟ ಸಾಲಿಗ್ರಾಮ ಮತ್ತು ಸರಗೂರು ತಾಲ್ಲೂಕುಗಳಿಗೆ ವಿದ್ಯುತ್ ಒದಗಿಸುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. 2005ರಿಂದ ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ಕೊಡಗು ಜಿಲ್ಲೆಗಳು ಇದರ ವ್ಯಾಪ್ತಿಯಲ್ಲಿವೆ. ಆದರೆ ದರ ಕಟ್ಟುವುದು ಸೆಸ್ಕ್ ಅಲ್ಲ. 1999ರಲ್ಲಿ ರಚನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಕಂಪನಿಗಳ ಅರ್ಜಿ ಪಡೆದು, ಗ್ರಾಹಕರ ಆಕ್ಷೇಪಣೆ ಕೇಳಿ, ಆದೇಶ ಹೊರಡಿಸುತ್ತದೆ. ಸೋಲಾರ್ ಮುಂತಾದವುಗಳ ಖರೀದಿ ದರಕ್ಕೂ ಆಯೋಗದ ಆದೇಶವೇ ಆಧಾರ.

ನಮ್ಮ ರಾಜ್ಯದಲ್ಲಿ ವಿದ್ಯುತ್ ಕಂಪನಿಗಳು ಪ್ರದೇಶವಾರು ಬೇರೆ ಬೇರೆಯಾದರೂ ಗ್ರಾಹಕನಿಗೆ ದರ ಬಹುಮಟ್ಟಿಗೆ ಒಂದೇ. ಮೈಸೂರಿನ ಬಡಾವಣೆಯ ಮನೆಗೂ ಹೆಚ್.ಡಿ. ಕೋಟೆಯ ಕಾಡಂಚಿನ ಮನೆಗೂ ಯೂನಿಟ್ಟಿನ ಬೆಲೆ ಸಮಾನ. ಇದು ನಮಗೆ ಹೊಸದಲ್ಲ. ಹಾಲಿನ ಮಾರ್ಗದ ಕೊನೆಯ ಸಂಘದಿಂದ ಹಾಲು ತರಲು ಲಾರಿಗೆ ಹೆಚ್ಚು ಖರ್ಚು ಬೀಳುತ್ತದೆ. ಆದರೂ ಒಕ್ಕೂಟ ದೂರದ ಸಂಘಕ್ಕೂ ಹತ್ತಿರದ ಸಂಘಕ್ಕೂ ಒಂದೇ ಗುಣಮಟ್ಟದ ಹಾಲಿಗೆ ಒಂದೇ ದರ ಕೊಡುತ್ತದೆ. ಸಹಕಾರದ ನ್ಯಾಯ ಅದು. ವಿದ್ಯುತ್ತಿನಲ್ಲೂ ಈ ಸಮಾನ ದರ ಹಳ್ಳಿಯವರಿಗೆ ಉಪಕಾರವನ್ನೇ ಮಾಡಿದೆ.

ಆದರೆ ಇದರಿಂದ ಒಂದು ಸಂಗತಿ ಮರೆಯಾಗುತ್ತದೆ. ಉದ್ದ ತಂತಿಯ ಕೊನೆಗೆ ವಿದ್ಯುತ್ ಮುಟ್ಟುವಷ್ಟರಲ್ಲಿ ಒಂದು ಪಾಲು ದಾರಿಯಲ್ಲೇ ಸೋರಿಹೋಗುತ್ತದೆ, ವೋಲ್ಟೇಜ್ ಇಳಿಯುತ್ತದೆ. ಅಂತಹ ಕಡೆಯಲ್ಲೇ ತಯಾರಾಗಿ ಅಲ್ಲೇ ಬಳಕೆಯಾಗುವ ಯೂನಿಟ್ಟು ಕಂಪನಿಗೆ ನಿಜವಾಗಿ ಹೆಚ್ಚು ಬೆಲೆಬಾಳುವಂಥದ್ದು. ಸಮಾನ ದರದ ಬಿಲ್ಲಿನಲ್ಲಿ ಆ ಹೆಚ್ಚಿನ ಬೆಲೆ ಕಾಣುವುದಿಲ್ಲ. ಕೊನೆಯ ಊರಿನ ಸೋಲಾರಿಗೂ ಪೇಟೆಯ ಸೋಲಾರಿಗೂ ಉಳಿತಾಯ ಅಷ್ಟೇ.

ಇನ್ನು ಉಚಿತ ವಿದ್ಯುತ್ತಿನ ವಿಷಯ. 2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಇದೆ. 2023ರ ಜುಲೈನಿಂದ ಗೃಹಜ್ಯೋತಿ ಯೋಜನೆಯಡಿ, ತಿಂಗಳಿಗೆ 200 ಯೂನಿಟ್ ಮೀರದಂತೆ, ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಮನೆಬಳಕೆ ಉಚಿತವಾಯಿತು. ಈ ಯೋಜನೆಗಳಿಂದ ರೈತರಿಗೂ ಬಡವರಿಗೂ ಆದ ಅನುಕೂಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಲೆಕ್ಕ ಲೆಕ್ಕವೇ. ಬಿಲ್ಲು ಸೊನ್ನೆಯಾಗಿರುವ ಮನೆಗೆ ಸೋಲಾರ್ ಹಾಕಿದರೆ ಉಳಿತಾಯದ ಬೆಲೆಯೂ ಸೊನ್ನೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಘಟಕಕ್ಕೆ 78,000 ರೂ. ಸಹಾಯಧನ ಗೊತ್ತುಮಾಡಿದರೂ ಅನೇಕ ಹಳ್ಳಿಮನೆಯವರು ಹಿಂದೆಮುಂದೆ ನೋಡುವುದು ಇದಕ್ಕೇ. ಒಂದು ಕೈಯ ಯೋಜನೆ ಇನ್ನೊಂದು ಕೈಯ ಯೋಜನೆಯನ್ನು ತಡೆಯುತ್ತಿದೆ.

ಬಿಲ್ಲಿನ ಇನ್ನೊಂದು ಸಾಲನ್ನೂ ಗಮನಿಸಿ. 2025-26ನೇ ಸಾಲಿಗೆ ಆಯೋಗವು ಗೃಹಬಳಕೆಯ ಯೂನಿಟ್ ದರವನ್ನು 5 ರೂ. 90 ಪೈಸೆಯಿಂದ 5 ರೂ. 80 ಪೈಸೆಗೆ ಇಳಿಸಿತು. ಅದೇ ಆದೇಶದಲ್ಲಿ ನಿಗದಿತ ಶುಲ್ಕವನ್ನು ಕಿಲೋವ್ಯಾಟಿಗೆ 120 ರೂ.ಗಳಿಂದ 145 ರೂ.ಗಳಿಗೆ ಏರಿಸಿತು. ಸೋಲಾರ್ ಕಡಿಮೆ ಮಾಡುವುದು ಯೂನಿಟ್ಟಿನ ಹಣವನ್ನು, ನಿಗದಿತ ಶುಲ್ಕವನ್ನಲ್ಲ. ಮೊದಲನೆಯದು ಇಳಿದು ಎರಡನೆಯದು ಏರಿದಷ್ಟೂ ಸ್ವಂತ ವಿದ್ಯುತ್ತಿನ ಉಳಿತಾಯ ಕುಗ್ಗುತ್ತದೆ.

ಪುರ ಗ್ರಾಮದ ಸಗಣಿ

ಈಗ ನಮ್ಮ ರಾಜ್ಯದಲ್ಲೇ ನಡೆದ ಪ್ರಯೋಗಗಳನ್ನು ನೋಡೋಣ. ಮೊದಲನೆಯದು ಹೈನುಗಾರರಾದ ನಮಗೆ ತೀರ ಹತ್ತಿರದ್ದು.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಗ್ರಾಮದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡದವರು ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಮೊದಲ ಯೋಚನೆ ಮನೆಮನೆಗೆ ಅಡುಗೆ ಅನಿಲ ಕೊಡುವುದಾಗಿತ್ತು. ಊರಿನ ದನಗಳ ಸಗಣಿ ಎಲ್ಲ ಮನೆಯ ಅಡುಗೆಗೆ ಸಾಲಲಿಲ್ಲ. ಅಲ್ಲದೆ ಅಡುಗೆಯ ಸೌದೆ ಜನಕ್ಕೆ ದುಡ್ಡಿಲ್ಲದೆ ಸಿಗುತ್ತಿತ್ತು. ಆಗ ಜನರನ್ನೇ ಕೇಳಿದಾಗ ಬಂದ ಉತ್ತರ: ಕುಡಿಯುವ ನೀರು ಬೇಕು, ದೀಪ ಬೇಕು.

ಅದರಂತೆ 1987ರಿಂದ ಅನಿಲವನ್ನು ಎಂಜಿನ್ನಿಗೆ ಕೊಟ್ಟು, ಜೊತೆಗೆ ಸ್ವಲ್ಪ ಡೀಸೆಲ್ ಸೇರಿಸಿ, ವಿದ್ಯುತ್ ತಯಾರಿಸಿ ಕೊಳವೆಬಾವಿಯಿಂದ ನೀರೆತ್ತಿ, ದೀಪ ಬೆಳಗಿಸಲಾಯಿತು. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ ಕೂಲಿ. ಅನಿಲ ತೆಗೆದ ಮೇಲಿನ ಬಗ್ಗಡ ಗೊಬ್ಬರವಾಗಿ ಅವರಿಗೇ ವಾಪಸ್ಸು. ತೂಕ, ಲೆಕ್ಕದ ಪುಸ್ತಕ, ಬಟವಾಡೆ ಎಲ್ಲ ಸೇರಿ ಒಂದು ಡೇರಿಯ ಕ್ರಮವೇ. ಊರಿಗೆ ಸರ್ಕಾರಿ ವಿದ್ಯುತ್ತಿನ ತಂತಿ ಬಂದಿದ್ದರೂ ಅದು ನಂಬುವಂತಿರಲಿಲ್ಲ. ಸಂಜೆ ಹೊತ್ತಿಗೆ ಸರಿಯಾಗಿ ಉರಿಯುವ ಊರಿನ ದೀಪಕ್ಕೆ ಜನ ದುಡ್ಡು ಕೊಡಲು ಸಿದ್ಧರಿದ್ದರು.

ಇಲ್ಲಿನ ಪಾಠವನ್ನು ಸರಿಯಾಗಿ ತಿಳಿಯಬೇಕು. ಇಂದು ನಾವೂ ಸಗಣಿಯಿಂದ ಕರೆಂಟು ಮಾಡಬೇಕೇ? ಲೆಕ್ಕ ಹಾಕೋಣ. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 430 ಗ್ರಾಂ ಸಿಲಿಂಡರ್ ಅನಿಲಕ್ಕೆ ಸಮ. 14.2 ಕಿಲೋ ಸಿಲಿಂಡರಿಗೆ 850 ರೂ. ಎಂದಿಟ್ಟುಕೊಂಡರೆ ಇದರ ಬೆಲೆ ಸುಮಾರು 26 ರೂ. ಅದೇ ಅನಿಲದಿಂದ ಸಣ್ಣ ಎಂಜಿನ್ನಿನಲ್ಲಿ ಒಂದೂವರೆ ಯೂನಿಟ್ ವಿದ್ಯುತ್ ಬಂದರೆ, ಯೂನಿಟ್ಟಿಗೆ 6 ರೂ.ಗಳಂತೆ ಬೆಲೆ 9 ರೂ. ಎಂದರೆ ಅಂದು ಪುರದಲ್ಲಿ ಕರೆಂಟು ಮಾಡಿದ್ದು ಸರಿ. ಇಂದು ನಮ್ಮ ಮನೆಯಲ್ಲಿ ಒಲೆಗೆ ಹಾಕುವುದು ಸರಿ. ಸಗಣಿ ಅದೇ, ಅನಿಲ ಅದೇ. ಸುತ್ತಲಿನ ಬೆಲೆಗಳು ಬದಲಾದವು, ಸರಿಯಾದ ಬಳಕೆಯೂ ಬದಲಾಯಿತು. ನಾಲ್ಕೈದು ದನವಿದ್ದು ದಿನಕ್ಕೆ 50 ಕಿಲೋ ಸಗಣಿ ಸಿಗುವ ಮನೆಗೆ 2 ಘನ ಮೀಟರಿನ ಘಟಕ ಸಾಕು. ಅದಕ್ಕೆ ಯಾವ ಆಯೋಗದ ದರವೂ ಅಡ್ಡ ಬರುವುದಿಲ್ಲ.

ಕಬ್ಬಿಗೆರೆಯ ಸೌದೆ

ಎರಡನೆಯ ಪ್ರಯೋಗವೂ ತುಮಕೂರು ಜಿಲ್ಲೆಯದೇ. ಕಬ್ಬಿಗೆರೆಯಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ, ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆಯ ಮೂಲಕ, ಸೌದೆಯಿಂದ ಅನಿಲ ತೆಗೆದು ವಿದ್ಯುತ್ ಮಾಡುವ 500 ಕಿಲೋವ್ಯಾಟ್ ಘಟಕಗಳನ್ನು ಸ್ಥಾಪಿಸಲಾಯಿತು. ಊರಿನವರೇ ಮರ ಬೆಳೆಸಿ ಸೌದೆ ಕೊಡಬೇಕು, ವಿದ್ಯುತ್ತನ್ನು ಬೆಸ್ಕಾಂ ತಂತಿಗೆ ಕೊಡಬೇಕು ಎಂಬ ಏರ್ಪಾಡು. 2007ರ ಸುಮಾರಿಗೆ ವಿದ್ಯುತ್ ಹರಿಯತೊಡಗಿತು. ದೇಶದಲ್ಲೇ ಗಮನ ಸೆಳೆದ ಕೆಲಸ ಅದು.

ಆದರೆ ಬೆಸ್ಕಾಂ ಕೊಡುತ್ತಿದ್ದ ದರ ಯೂನಿಟ್ಟಿಗೆ 2 ರೂ. 85 ಪೈಸೆ. ಒಂದು ಯೂನಿಟ್ ತಯಾರಿಸಲು ಒಂದು ಕಿಲೋಗಿಂತ ಹೆಚ್ಚು ಒಣ ಸೌದೆ ಬೇಕು. ಅದನ್ನು ಕಡಿದು, ತುಂಡು ಮಾಡಿ, ಒಣಗಿಸಿ ತರುವ ಕೂಲಿ, ಎಂಜಿನ್ನಿನ ದುರಸ್ತಿ, ಆಪರೇಟರ ಸಂಬಳ ಎಲ್ಲ ಆ ದರದಲ್ಲೇ ಹೊರಡಬೇಕು. ಲೀಟರಿಗೆ ತಗಲುವ ಖರ್ಚಿಗಿಂತ ಕಡಿಮೆ ದರಕ್ಕೆ ಹಾಲು ಹಾಕಿದಂತೆ ಇದು. ಅಲ್ಲದೆ ಲೈನಿನಲ್ಲಿ ವಿದ್ಯುತ್ ಇಲ್ಲದಾಗ ಮಾರಾಟವೂ ನಿಲ್ಲುತ್ತದೆ. ಹಳ್ಳಿಯ ಫೀಡರಿನಲ್ಲಿ ಲೈನು ಹೋಗುವುದು ಎಷ್ಟು ಸಾಮಾನ್ಯ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ. ಬ್ಯಾರನ್ನಿನ ಹಂಗಾಮು ಬಂದರೆ ಇಲ್ಲಿ ಸೌದೆಯ ಬೆಲೆ ಏರುತ್ತದೆ. ಮಾರುವ ದರ ಒಪ್ಪಂದದಲ್ಲಿ ಕಟ್ಟಿಹೋಗಿದ್ದು, ಕೊಳ್ಳುವ ಸೌದೆಯ ಬೆಲೆ ಮಾತ್ರ ಏರುತ್ತಿದ್ದರೆ ಯಾವ ಘಟಕವೂ ಬಹುಕಾಲ ನಿಲ್ಲಲಾರದು.

ಹಾರೋಬೆಲೆ ಮತ್ತು ಧುಂಡಿ: ಬಿಸಿಲಿನ ಬೆಳೆ

ಮೂರನೆಯದು ಕನಕಪುರ ತಾಲ್ಲೂಕಿನ ಹಾರೋಬೆಲೆ. 2014ರಲ್ಲಿ ಪ್ರಕಟವಾದ 'ಸೂರ್ಯ ರೈತ' ಯೋಜನೆಯಡಿ ಅಲ್ಲಿಯ ಸುಮಾರು 300 ಪಂಪ್‌ಸೆಟ್ಟುಗಳಿಗೆ, ಪಂಪಿಗೆ ಬೇಕಾದುದಕ್ಕಿಂತ ಹೆಚ್ಚು ಸಾಮರ್ಥ್ಯದ ಸೋಲಾರ್ ಫಲಕ ಕೊಟ್ಟು, ರೈತರ ಸಹಕಾರ ಸಂಘ ಮಾಡಿ, ಉಳಿದ ವಿದ್ಯುತ್ತನ್ನು ಬೆಸ್ಕಾಂ ಕೊಳ್ಳುವ ಏರ್ಪಾಡಾಯಿತು. ಆಯೋಗವು 2013ರಲ್ಲಿ ಸಹಾಯಧನ ಪಡೆದ ಇಂತಹ ಘಟಕಗಳಿಗೆ ಯೂನಿಟ್ಟಿಗೆ 7 ರೂ. 20 ಪೈಸೆ, ಪಡೆಯದವಕ್ಕೆ 9 ರೂ. 56 ಪೈಸೆ ಗೊತ್ತುಮಾಡಿತ್ತು. ಹಾರೋಬೆಲೆಯಲ್ಲಿ ಈ ಹಣದ ಹೆಚ್ಚಿನ ಪಾಲು ಘಟಕದ ಸಾಲ ತೀರಿಸಲು, ಸಣ್ಣ ಪಾಲು ರೈತನ ಕೈಗೆ.

ಇದೇ ಕಾಲಕ್ಕೆ, ಅಮುಲ್ ಹುಟ್ಟಿದ ಗುಜರಾತಿನ ಖೇಡಾ ಸೀಮೆಯ ಧುಂಡಿ ಎಂಬ ಹಳ್ಳಿಯಲ್ಲಿ ಆರು ರೈತರು 2016ರಲ್ಲಿ ಸೋಲಾರ್ ವಿದ್ಯುತ್ ಉತ್ಪಾದಕರ ಸಹಕಾರ ಸಂಘ ಆರಂಭಿಸಿದರು. ಎಲ್ಲರ ಹೊಲದ ವಿದ್ಯುತ್ತನ್ನು ಒಂದೇ ಮೀಟರಿನಲ್ಲಿ ಕಂಪನಿಗೆ ಕೊಡುವುದು, ಒಳಗೆ ತಮ್ಮ ತಮ್ಮ ಮೀಟರಿನಂತೆ ಹಂಚಿಕೊಳ್ಳುವುದು. ಹಾಲಿನ ಕ್ಯಾನು ಹೋದ ದಾರಿಯಲ್ಲೇ ವಿದ್ಯುತ್ತೂ ಹೊರಟಿತು. ಕಂಪನಿ ಕೊಡಲು ಒಪ್ಪಿದ್ದು ಯೂನಿಟ್ಟಿಗೆ 4 ರೂ. 63 ಪೈಸೆ. ಅದರ ಮೇಲೆ ಸಂಶೋಧನಾ ಸಂಸ್ಥೆಗಳು ಪ್ರೋತ್ಸಾಹಧನ ಸೇರಿಸಿದವು. ರೈತರು ಹೆಚ್ಚುವರಿ ನೀರು ಎತ್ತುವುದಕ್ಕಿಂತ ವಿದ್ಯುತ್ ಮಾರುವುದೇ ಮೇಲು ಎನ್ನುವಂತಾಗಬೇಕಾದರೆ ದರ ಅಷ್ಟಿರಬೇಕು ಎಂಬುದು ಅವರ ವಿಚಾರ.

ಎರಡೂ ಕಡೆಯ ತಿರುಳು ಒಂದೇ: ಒಳ್ಳೆಯ ದರ, ಅದೂ ಬಹುವರ್ಷಗಳ ಲಿಖಿತ ಒಪ್ಪಂದದಲ್ಲಿ. ಮುಂದೆ ಬಂದ ಆದೇಶಗಳಲ್ಲಿ ಆಯೋಗ ಸೋಲಾರ್ ಖರೀದಿ ದರವನ್ನು ಇಳಿಸುತ್ತ ಬಂದಿದೆ. ಫಲಕಗಳ ಬೆಲೆಯೂ ಇಳಿದಿರುವುದರಿಂದ ಅದು ಪೂರ್ತಿ ಅನ್ಯಾಯವೆನ್ನಲಾಗದು. ಆದರೆ ಹಳೆಯ ದರದ ಕಥೆ ಕೇಳಿ ಹೊಸ ಘಟಕಕ್ಕೆ ಹಣ ಹಾಕಬಾರದು.

ಒಡೆತನವಿದ್ದರೂ ದರ ತಪ್ಪದು

ತಂತಿಯೂ ನಮ್ಮದೇ ಆದರೆ? ಅಂತಹ ಉದಾಹರಣೆ ಬೆಳಗಾವಿ ಜಿಲ್ಲೆಯಲ್ಲಿದೆ. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ತನ್ನ ಸದಸ್ಯರಿಗೆ ತಾನೇ ವಿದ್ಯುತ್ ವಿತರಿಸುತ್ತದೆ. ಅಲ್ಲಿಯೂ ಗ್ರಾಹಕರ ದರಕ್ಕೆ ಆಯೋಗದ ಒಪ್ಪಿಗೆ ಬೇಕು. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿನ ಹಣ ಸರ್ಕಾರದಿಂದ ಬರಬೇಕು. ಒಡೆತನ ಬಂದ ಮಾತ್ರಕ್ಕೆ ದರದ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ದರದ ಬಗ್ಗೆ ಮಾತನಾಡುವ ಸಂಘಟಿತ ಬಾಯಿ ಮಾತ್ರ ಬರುತ್ತದೆ. ಅದೇನೂ ಸಣ್ಣದಲ್ಲ.

ಡೇರಿ ಕಟ್ಟಡಕ್ಕೆ ಸೋಲಾರ್: ಒಂದು ಮಾದರಿ ಲೆಕ್ಕ

ಒಂದು ಸಂಘ ತನ್ನ ಮಾಳಿಗೆಯ ಮೇಲೆ 5 ಕಿಲೋವ್ಯಾಟಿನ ಘಟಕ ಹಾಕಿಸುತ್ತದೆ ಎಂದು ತಿಳಿಯೋಣ. ನಮ್ಮ ಸೀಮೆಯ ಬಿಸಿಲಿಗೆ ಒಂದು ಕಿಲೋವ್ಯಾಟಿನಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. ಮೋಡದ ದಿನಗಳನ್ನು ಕಳೆದು ವರ್ಷಕ್ಕೆ 7,000 ಯೂನಿಟ್ ಎನ್ನೋಣ. ಲೆಕ್ಕಕ್ಕಾಗಿ ಘಟಕಕ್ಕೆ 3 ಲಕ್ಷ ರೂ., ಉಳಿತಾಯದ ಬೆಲೆ 7 ರೂ., ಮಾರಾಟದ ಬೆಲೆ 3 ರೂ. ಎಂದು ಇಟ್ಟುಕೊಳ್ಳಿ. ನಿಮ್ಮ ಸಂಘದ ನಿಜವಾದ ಅಂಕಿಗಳನ್ನು ಬಿಲ್ಲು ನೋಡಿ ತುಂಬಿಕೊಳ್ಳಬೇಕು.

ಎಲ್ಲ ಯೂನಿಟ್ಟುಗಳೂ ಡೇರಿಯಲ್ಲೇ ಬಳಕೆಯಾದರೆ ವರ್ಷಕ್ಕೆ 49,000 ರೂ.; ಹಾಕಿದ ಹಣ ಸುಮಾರು 6 ವರ್ಷದಲ್ಲಿ ವಾಪಸ್ಸು.

ಅರ್ಧ ಬಳಕೆ, ಅರ್ಧ ಮಾರಾಟವಾದರೆ 35,000 ರೂ.; ಸುಮಾರು ಎಂಟೂವರೆ ವರ್ಷ.

ಎಲ್ಲವೂ ಮಾರಾಟವಾದರೆ 21,000 ರೂ.; 14 ವರ್ಷಕ್ಕೂ ಮೀರಿ.

ಫಲಕಗಳು 25 ವರ್ಷ ಬಾಳಿದರೂ ಇನ್ವರ್ಟರನ್ನು ನಡುವೆ ಒಮ್ಮೆಯಾದರೂ ಬದಲಿಸಬೇಕಾಗುತ್ತದೆ. ಬಡ್ಡಿಯನ್ನು ಇಲ್ಲಿ ಸೇರಿಸಿಯೇ ಇಲ್ಲ. ಅದೇ ಮಾಳಿಗೆ, ಅದೇ ಬಿಸಿಲು, ಅದೇ ಫಲಕ. ಯಾವ ಬೆಲೆಗೆ ಸೇರುತ್ತದೆ ಎಂಬುದರ ಮೇಲೆ ಮೂರು ಬೇರೆ ಉತ್ತರ.

ಹಾಲಿನ ಹೊತ್ತು, ಬಿಸಿಲಿನ ಹೊತ್ತು

ಡೇರಿಗೆ ಮಾತ್ರ ಸಂಬಂಧಿಸಿದ ತೊಡಕೊಂದಿದೆ. ನಮ್ಮ ಕೆಲಸ ಬೆಳಗಿನ ಜಾವ ಮತ್ತು ಸಂಜೆ. ಹಾಲು ಅಳೆಯುವ ಯಂತ್ರ, ಗಣಕಯಂತ್ರ, ದೀಪ ನಡೆಯುವುದು ಆಗಲೇ. ಶೀತಲೀಕರಣ ಘಟಕವಿರುವ ಕಡೆ, ಬಿಸಿ ಹಾಲು ಬಂದು ಬಿದ್ದಾಗಲೇ ಕಂಪ್ರೆಸ್ಸರ್ ಹೆಚ್ಚು ಓಡುವುದು. ಸೋಲಾರ್ ತುಂಬಿ ಹರಿಯುವುದು ಹತ್ತರಿಂದ ಮೂರು ಗಂಟೆಯವರೆಗೆ. ಆದ್ದರಿಂದ ಮೀಟರಿನ ಬಗೆ ಬಹಳ ಮುಖ್ಯ.

ನೆಟ್ ಮೀಟರ್ ಇದ್ದರೆ ಮಧ್ಯಾಹ್ನ ತಂತಿಗೆ ಬಿಟ್ಟ ಯೂನಿಟ್ಟನ್ನು ಸಂಜೆ ತೆಗೆದುಕೊಂಡ ಯೂನಿಟ್ಟಿಗೆ ಸರಿ ಹೊಂದಿಸಿ ವ್ಯತ್ಯಾಸಕ್ಕೆ ಮಾತ್ರ ಬಿಲ್ಲು. ಉಳಿತಾಯದ ಬೆಲೆ ಸಿಗುತ್ತದೆ. ಗ್ರಾಸ್ ಮೀಟರ್ ಆದರೆ ತಯಾರಿಸಿದ್ದೆಲ್ಲ ಮಾರಾಟದ ದರದಲ್ಲಿ, ಬಳಸಿದ್ದೆಲ್ಲ ಬಿಲ್ಲಿನ ದರದಲ್ಲಿ.

ಇನ್ನೊಂದು ಮಾತು. ಬ್ಯಾಟರಿ ಇಲ್ಲದೆ ತಂತಿಗೆ ಸೇರಿಸಿದ ಸೋಲಾರ್ ಘಟಕ, ಲೈನು ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನನ ಪ್ರಾಣರಕ್ಷಣೆಗಾಗಿ ಮಾಡಿದ ಏರ್ಪಾಡು ಅದು. 'ಸೋಲಾರ್ ಹಾಕಿಸಿದರೆ ಕರೆಂಟು ಹೋಗುವುದೇ ಇಲ್ಲ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬ್ಯಾಟರಿ ಬೇಕಾದರೆ ಅದರ ಬೆಲೆ, ಬದಲಾವಣೆಯ ಖರ್ಚು ಬೇರೆ. ಹೆಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನಲ್ಲಿ ಆನೆ ತಡೆಯಲು ಸೋಲಾರ್ ಬೇಲಿ ಹಾಕಿಕೊಂಡವರಿಗೆ ಬ್ಯಾಟರಿಯ ಆರೈಕೆ ಎಂದರೇನೆಂದು ಚೆನ್ನಾಗಿ ಗೊತ್ತು.

ಸಂಘಗಳು ಮಾಡಬಹುದಾದದ್ದು

1. ಹಿಂದಿನ 12 ತಿಂಗಳ ವಿದ್ಯುತ್ ಬಿಲ್ಲುಗಳನ್ನು ಒಂದೆಡೆ ಬರೆದಿಡಿ. ಯೂನಿಟ್ಟಿನ ಹಣ ಎಷ್ಟು, ನಿಗದಿತ ಶುಲ್ಕ ಎಷ್ಟು ಎಂದು ಬೇರೆ ಮಾಡಿ.

2. ಮಾರುವುದಕ್ಕೆಂದು ಘಟಕ ಹಾಕಬೇಡಿ. ಸ್ವಂತ ಬಳಕೆಗೆ ಎಷ್ಟು ಬೇಕೋ ಅಷ್ಟೇ ಹಾಕಿ. ಸೂರ್ಯಘರ್ ಯೋಜನೆಯ ಸಹಾಯಧನ ವಾಸದ ಮನೆಗಳಿಗೆ; ಡೇರಿ ಕಟ್ಟಡಕ್ಕೆ ಅದನ್ನು ಎಣಿಸಬೇಡಿ.

3. ಹಗಲಿಗೆ ಸರಿಸಬಹುದಾದ ಕೆಲಸ ಸರಿಸಿ. ಮೇವು ಕತ್ತರಿಸುವುದು, ತೊಟ್ಟಿಗೆ ನೀರು ತುಂಬುವುದು ಮಧ್ಯಾಹ್ನವೂ ಆಗುತ್ತದೆ.

4. ಕೊಳ್ಳುವ ದರ, ವರ್ಷಗಳ ಅವಧಿ, ಹಣ ಪಾವತಿಯ ಗಡುವು ಲಿಖಿತ ಒಪ್ಪಂದದಲ್ಲಿ ಇರಲಿ. ಬಾಯಿಮಾತಿನ ದರ ದರವಲ್ಲ.

5. ಉಳಿತಾಯದ ಒಂದು ಪಾಲನ್ನು ದುರಸ್ತಿ ನಿಧಿಗೆ ಪ್ರತಿ ತಿಂಗಳೂ ತೆಗೆದಿಡಿ.

6. ಸೆಸ್ಕ್ ದರ ಅರ್ಜಿ ಸಲ್ಲಿಸಿದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಯಾವ ಗ್ರಾಹಕನಾದರೂ ಆಯೋಗಕ್ಕೆ ಲಿಖಿತ ಆಕ್ಷೇಪಣೆ ಕಳುಹಿಸಬಹುದು, ಸಾರ್ವಜನಿಕ ವಿಚಾರಣೆಯಲ್ಲಿ ಮಾತನಾಡಬಹುದು. ದೊಡ್ಡ ಕೈಗಾರಿಕೆಗಳವರು ತಪ್ಪದೆ ಬರುತ್ತಾರೆ, ನಾವು ಬರುವುದಿಲ್ಲ. ನಾಲ್ಕು ತಾಲ್ಲೂಕುಗಳ ಸಂಘಗಳು ಸೇರಿ ಒಂದೇ ಮನವಿ ಕೊಟ್ಟರೆ, ತಂತಿಯ ಕೊನೆಯ ಊರಿನಲ್ಲಿ ತಯಾರಾದ ಯೂನಿಟ್ಟಿಗೆ ಹೆಚ್ಚಿನ ಬೆಲೆ ಏಕೆ ಬೇಕೆಂದು ಹೇಳಿದರೆ, ಅದನ್ನು ದಾಖಲಿಸಿಕೊಳ್ಳಲೇಬೇಕು.

ಸರ್ವಸದಸ್ಯರ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ನಮ್ಮ ಡೇರಿ ಹಗಲು ಎಷ್ಟು ಯೂನಿಟ್, ರಾತ್ರಿ ಎಷ್ಟು ಯೂನಿಟ್ ಬಳಸುತ್ತದೆ? ನಮಗೆ ಸಿಗುವ ಮೀಟರ್ ಯಾವ ಬಗೆಯದು? ಮಾರಾಟದ ದರ ಎಷ್ಟು, ಎಷ್ಟು ವರ್ಷಕ್ಕೆ? ಆ ದರ ಅರ್ಧಕ್ಕೆ ಇಳಿದರೂ ಸಂಘಕ್ಕೆ ನಷ್ಟವಾಗದೆ? ಇನ್ವರ್ಟರ್ ಕೆಟ್ಟರೆ ಯಾರು, ಎಷ್ಟು ದಿನದಲ್ಲಿ ಸರಿಮಾಡುತ್ತಾರೆ?

ಈ ಐದಕ್ಕೂ ಕಾರ್ಯದರ್ಶಿಗಳ ಬಳಿ ಅಂಕಿಯಲ್ಲಿ ಉತ್ತರವಿದ್ದರೆ ಧೈರ್ಯವಾಗಿ ನಿರ್ಣಯ ಮಾಡಿ. ಇಲ್ಲದಿದ್ದರೆ ಮುಂದಿನ ಸಭೆಗೆ ಇಡಿ. ಹಸು ಕೊಳ್ಳುವಾಗ ಕೆಚ್ಚಲು ಮುಟ್ಟಿ, ಎರಡು ಹೊತ್ತು ಕರೆದು ನೋಡದೆ ನಾವು ಮುಂಗಡ ಕೊಡುವುದಿಲ್ಲ. ಸಂಘದ ಹಣದಲ್ಲಿ ಬಿಸಿಲನ್ನು ಕೊಳ್ಳುವಾಗಲೂ ಅಷ್ಟೇ ಎಚ್ಚರವಿರಲಿ.